ಹೇಳಿದ ಮಾತು ಕೇಳಂಗಿಲ್ಲ

ಬಾಗಲಕೋಟೆ ತಾಲೂಕಿನ ಬೇವೂರಿನ ಆಸುಪಾಸಿನ ಒಂದು ಹಳ್ಳಿ. ಶ್ರಾವಣದ ಶನಿವಾರ, ಮುಂಜಾನೆಯ ಶಾಲೆ ಬಿಟ್ಟಾಗಿದೆ. ಮಕ್ಕಳ ಕಿವಿ ತಪಾಸಣೆಗೆ ಬಂದಿದ್ದ ಯುವತಿ ಹೆಡ್‌ಫೋನಿನ ವೈರು ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದಾಳೆ. ಇಲಕಲ್ಲಿನ ನೇಕಾರರ ಮನೆಯ ಮಗಳು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ತಿರುಗಿ ಇದೇ ಜಿಲ್ಲೆಗೆ ಬಂದವಳು. ಎದುರಿಗೆ ಇಪ್ಪತ್ತಾರು ವರ್ಷದಿಂದ ಈ ಭಾಗದಲ್ಲೇ ಕಲಿಸುತ್ತಿರುವ ಶಿಕ್ಷಕಿ. ಊರಿಗೆಲ್ಲ ಅವರು ಅಕ್ಕೋರು. ಬಂದಾಕೆಯನ್ನು ಅವರು ತಂಗಿ ಎಂದು ಕರೆದರು. ಇಲ್ಲಿಯೂ ಹಾಗೆಯೇ ಇರಲಿ. ಪಡಸಾಲೆಯ ಮೇಜಿನ ಮೇಲೆ ಐದು ಚೀಟಿ, ಆಸ್ಪತ್ರೆಗೆ ಕಳಿಸಬೇಕಾದ ಮಕ್ಕಳವು. ಗಾಳಿಗೆ ಹಾರದಂತೆ ಅದರ ಮೇಲೊಂದು ಸೀಮೆಸುಣ್ಣದ ಡಬ್ಬಿ.

ಅಕ್ಕೋರು — ತಂಗಿ, ಐದು ಚೀಟಿ ಕೊಟ್ಟಿ. ನಾಕು ಒಪ್ಪಿಕೊಂಡೆ. ಐದನೇದು ನನಗ ಮನಿಗೆ ಹೋಗಾಕ ಬಿಡವಲ್ದು.

ತಂಗಿ — ಯಾವ್ದರಿ? ನಾಕನೇತ್ತೆ ಹುಡುಗಂದಾ? ಎಡಗಿವಿ ಸೋರತೈತಲ್ಲ, ಅವಂದಾ?

ಅಕ್ಕೋರು — ಅವಂದ. ಎರಡು ವರ್ಷ ಆತು, ಅವರವ್ವಗ ನಾ ಹೇಳಿಕೋತ ಬಂದಿದ್ದು ಒಂದ ಮಾತು. 'ನಿನ್ನ ಮಗ ಹೇಳಿದ ಮಾತು ಕೇಳಂಗಿಲ್ಲ' ಅಂತ. ಕರದ್ರ ಹೊಳ್ಳಿ ನೋಡಂಗಿಲ್ಲ. ಕುಂದ್ರು ಅಂದ್ರ ನಿಲ್ತಾನ. ಹೋದ ವರ್ಷ ಒಂದಿನ ಸಿಟ್ಟು ಬಂದು ಕಿವಿ ಹಿಂಡಿದೆ. ಹುಡುಗರ ಮೈ ಮುಟ್ಟಿ ಶಿಕ್ಷೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳತೈತಿ. ನನಗ ಗೊತ್ತಿತ್ತು. ಕಿವಿ ಹಿಂಡೂದು ಹೊಡತ ಅಲ್ಲ ಅಂತ ನನ್ನ ನಾನ ಸಮಾಧಾನ ಮಾಡಿಕೊಂಡೆ. ಇವತ್ತ ನೀ ಚೀಟ್ಯಾಗ 'ಎಡಗಿವಿ' ಅಂತ ಬರಿಯೂ ಮುಂದ ನನ್ನ ಕೈ ನೋಡಿಕೊಂಡೆ. ನಾ ಬಲಗೈಯಾಕಿ. ಎದುರಿಗೆ ನಿಂತ ಹುಡುಗನ ಕಿವಿಗೆ ಬಲಗೈ ಚಾಚಿದ್ರ ಸಿಗೂದು ಎಡಗಿವಿ. ಸೋರೂ ಕಿವಿನ ಹಿಂಡೀನಿ, ತಂಗಿ.

ತಂಗಿ — (ತಡೆದು) ನಿಮಗ ಏನ್ ಹೇಳ್ಲಿ, ಅಕ್ಕೋರೆ. ನಾ ಹೋದ ಸಾಲಿಗಳೊಳಗ ಈ ಮಾತು ಕೇಳದ ಬಂದಿದ್ದು ಇಲ್ಲ. ಸೋರೂ ಕಿವಿಯ ಹುಡುಗನ ಬಗ್ಗೆ ಮಾಸ್ತರು ಮೊದಲು ಹೇಳೂದು 'ಅವಂಗ ಲಕ್ಷ್ಯ ಇಲ್ಲ' ಅಂತ, ಇಲ್ಲಾ 'ಮಾತು ಕೇಳಂಗಿಲ್ಲ' ಅಂತ. ನಮ್ಮ ಭಾಷೆನ ಹಂಗೈತಿ. ಕಿವಿಗೆ ಸದ್ದು ಬೀಳೂದಕ್ಕೂ ಕೇಳೂದು ಅಂತೀವಿ, ಹೇಳಿದಂಗ ನಡಕೊಳ್ಳೂದಕ್ಕೂ ಕೇಳೂದು ಅಂತೀವಿ. ಮೊದಲನೇದು ಆಗದವಂಗ ಎರಡನೇದರ ತಪ್ಪು ಹೊರಸ್ತೀವಿ.

ಅಕ್ಕೋರು — ಮೂರನೇದೂ ಐತಿ. ಪ್ರಶ್ನೆ ಮಾಡೂದೂ ಕೇಳೂದ. ಈಗ ನೆನಪ ಮಾಡಿಕೊಂಡ್ರ, ಆ ಹುಡುಗ ಎರಡು ವರ್ಷದಾಗ ನನಗ ಒಂದು ಪ್ರಶ್ನೆ ಕೇಳಿಲ್ಲ. ನೀರ ಕುಡಿಯಾಕ ಹೋಗ್ಲೇನ್ರಿ ಅಂತ ಸುದ್ದಾ. ಪಕ್ಕದವ ಎದ್ದು ಹೋದಾಗ ಅವನ ಬೆನ್ನ ಹಿಂದ ಹೋಗ್ತಿದ್ದ.

ತಂಗಿ — ಅವನ ನೋಟ್‌ಬುಕ್ ತೋರಿಸ್ತೀರೇನ್ರಿ? ನನಗ ಎರಡು ಹಾಳಿ ಬೇಕು. ಬೋರ್ಡ್ ನೋಡಿ ಬರದದ್ದು ಒಂದು, ನೀವು ಹೇಳಿ ಬರಸಿದ್ದು ಒಂದು.

(ಅಕ್ಕೋರು ಕಪಾಟಿನಿಂದ ತಂದರು. ಎಡಗಡೆ ಹಾಳೆಯಲ್ಲಿ ಬೋರ್ಡ್ ನೋಡಿ ಬರೆದ ಪದ್ಯ, ಗುಂಡಗುಂಡಗೆ ಅಕ್ಷರ, ಒತ್ತು ತಪ್ಪಿಲ್ಲ. ಬಲಗಡೆ ಉಕ್ತಲೇಖನ. ಹತ್ತು ಶಬ್ದಕ್ಕೆ ಏಳು ಕೆಂಪು ಗೆರೆ, ಕೆಳಗೆ 'ಗಮನ ಕೊಡು' ಎಂಬ ಷರಾ.)

ಅಕ್ಕೋರು — ನನ್ನ ಕೈಬರಹನ ಅದು. 'ಗಮನ ಕೊಡು'.

ತಂಗಿ — ಒಂದ ಹುಡುಗ, ಒಂದ ವಾರ. ಕಣ್ಣಿಲೆ ತಗೊಂಡದ್ದು ಮುತ್ತಿನಂಗ ಐತಿ, ಕಿವಿಲೆ ತಗೊಂಡದ್ದು ಹಾಳಾಗೇತಿ. ನನ್ನ ಮಷೀನು ಬರೂಕ್ಕಿಂತ ಮೊದಲ ಈ ಎರಡು ಹಾಳಿ ಎಲ್ಲಾನೂ ಹೇಳಿಬಿಟ್ಟಾವ. ತಪ್ಪು ಎಲ್ಲಿ ಆಗ್ಯಾವ ನೋಡ್ರಿ, ಎಲ್ಲಾ ಶಬ್ದದ ಕಡೀಕ. ಕನ್ನಡದಾಗ ಮಾತಿನ ಜೀವ ಬಾಲದಾಗ ಇರ್ತೈತಿ, ಅಕ್ಕೋರೆ. 'ಮನಿಗೆ', 'ಮನಿಯಾಗ', 'ಮನಿಯಿಂದ', ಮೂರಕ್ಕೂ ತಲಿ ಒಂದ, ಬಾಲ ಬ್ಯಾರೆ. ಹೂಂ ಅನ್ನೂದೂ ಕಡೀಕ, ಬ್ಯಾಡ ಅನ್ನೂದೂ ಕಡೀಕ. ಮಾತಾಡೂವಾಗ ನಾವು ಶುರುವಿಗೆ ಗಟ್ಟಿ, ಮುಗಸೂವಾಗ ಮೆತ್ತಗ. ಕಿವಿ ಅರ್ಧ ಮುಚ್ಚಿದವಂಗ ತಲಿ ಮುಟ್ಟತೈತಿ, ಬಾಲ ಮುಟ್ಟಂಗಿಲ್ಲ. ನೀವು 'ಪುಸ್ತಕ ತಗೀಬ್ಯಾಡ್ರಿ' ಅಂದಿರ್ತೀರಿ. ಅವಂಗ 'ಪುಸ್ತಕ ತಗಿ' ಅನ್ನೂದಷ್ಟ ಕೇಳಿರ್ತೈತಿ. ತಗೀತಾನ.

ಅಕ್ಕೋರು — ನಾ ಬೈತೀನಿ.

ತಂಗಿ — ಯಾಕ ಬೈದ್ರು ಅನ್ನೂದೂ ಅವಂಗ ತಿಳಿಯಂಗಿಲ್ಲ. ಎರಡೂ ಕಿವಿಗೆ ಬೆರಳು ತುರುಕಿಕೊಂಡು ಒಂದು ಪಾಠ ಪೂರಾ ಕೇಳಿ ನೋಡ್ರಿ. ತಮಟಿ ಹಿಂದ ನೀರು ಕೂಡಿದ ಹುಡುಗ ಹೆಚ್ಚುಕಡಿಮಿ ಹಂಗ ಕೂತಿರ್ತಾನ, ದಿನಾ. ಪೂರಾ ಕಿವುಡ ಅಲ್ಲ. ಹೆಸರ ಹಿಡದು ಕೂಗಿದ್ರ ಓಡಿ ಬರ್ತಾನ. ಅದಕ್ಕ ಮನ್ಯಾಗ ಯಾರಿಗೂ ಸಂಶಯ ಬರಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಾಗ ಹೊರಗ ಹಾಕಿದ ವರದಿ ಪ್ರಕಾರ 20 ಡೆಸಿಬಲ್‌ಗಿಂತ ಸಣ್ಣ ಸದ್ದು ಕೇಳಿದ್ರ ಕಿವಿ ಸರಿ. 20ರಿಂದ 35ರ ತನಕ ಬಂದ್ರ 'ಸೌಮ್ಯ' ದೋಷ. ಪಿಸುಮಾತು 30 ಡೆಸಿಬಲ್ ಸುಮಾರು ಇರ್ತೈತಿ, ಎದುರಾಬದರಾ ಮಾತು 60. ಸೌಮ್ಯ ಅನ್ನೂ ಹೆಸರು ದೊಡ್ಡವರಿಗೆ ಒಪ್ಪತೈತಿ. ಹೊಸ ಶಬ್ದ ದಿನಾ ಕಲಿಯೂ ಹುಡುಗಗ ಒಪ್ಪಂಗಿಲ್ಲ. ದೊಡ್ಡವರು ಅರ್ಧ ಕೇಳಿ ಉಳಿದದ್ದು ತುಂಬಿಕೊಳ್ತಾರ, ಶಬ್ದ ಮೊದಲ ಗೊತ್ತಿರ್ತಾವ. ಹುಡುಗ ಎಲ್ಲಿಂದ ತುಂಬಿಕೋಬೇಕು?

ಅಕ್ಕೋರು — ಇವತ್ತ ನೀ ಅಕ್ಕಿ ಚೀಲದ ಕೋಣಿನ ಬೇಕಂದಿ. ಹೆಡ್ ಮಾಸ್ತರು ತಮ್ಮ ಆಫೀಸು ಬಿಟ್ಟುಕೊಡಾಕ ತಯಾರಿದ್ರು.

ತಂಗಿ — ಆಫೀಸಿನ ಗ್ವಾಡಿ ಹಿಂದ ಬೋರಿನ ಮೋಟಾರು ಐತ್ರಿ. ನಿಮಗ ರೂಢಿ ಆಗೇತಿ, ಕೇಳಸಂಗಿಲ್ಲ. ಆ ಗುಂಯ್ ಅನ್ನೂದರ ಕೆಳಗ ಸಣ್ಣ ಸದ್ದು ಮುಳುಗಿ ಹೋಗಿ, ಕಿವಿ ಸರಿ ಇದ್ದ ಹುಡುಗನೂ ನಾಪಾಸ್ ಆಗ್ತಾನ. ಬಿಸಿಯೂಟದ ಕೋಣ್ಯಾಗ ಮೂರೂ ಕಡೆ ಅಕ್ಕಿ, ಬ್ಯಾಳಿ ಚೀಲ. ಚೀಲ ಸದ್ದು ನುಂಗತಾವ. ಊರಾಗ ನನಗ ಸಿಗೂ ಚಲೋ ಕೋಣಿ ಅದ. ಒಂದೊಂದು ಕಿವಿಗೆ 1000, 2000, 4000 ಹರ್ಟ್ಸ್, ಹಿಂಗ ಮೂರು ಸದ್ದು ಬಿಡ್ತೀನಿ, ಮಾತು ತಿಳಿಯಾಕ ಬೇಕಾದವು. ಕೇಳಿದಾಗೊಮ್ಮೆ ಒಂದು ಹುಣಸಿ ಬೀಜ ಬಟ್ಟಲಕ್ಕ ಹಾಕಬೇಕು. ಬಟ್ಟಲದಾಗ ಅರಿವಿ ಹಾಸಿರ್ತೀನಿ, ಇಲ್ಲಾಂದ್ರ ಬೀಜದ ಸದ್ದ ಹೆಚ್ಚಾಗತೈತಿ.

ಅಕ್ಕೋರು — ಅವ ಬೀಜ ಹಾಕೂದು ಬಾಗಲದಾಗಿಂದ ನೋಡಿದೆ. ಎಲ್ಲಾ ಸರಿ ಹಾಕಾಕತ್ತಿದ್ದ, ಅಲ್ಲಾ?

ತಂಗಿ — ಮೊದಲು ನನಗೂ ಹಂಗ ಅನಸ್ತು. ಬಲಗಿವಿಗೆ ಟಕ್ ಟಕ್ ಅಂತ ಹಾಕಿದ. ಎಡಗಿವಿಗೆ ಬಂದಾಗ ಬೀಜ ಹಿಡಿದ ಬೆರಳು ಕೆನ್ನಿ ಹತ್ತರ ನಿಂತು, ಕಣ್ಣು ನನ್ನ ಮ್ಯಾಲೆ. ಗುಂಡಿ ಒತ್ತಿದಾಗ ನನ್ನ ಹೆಗಲು ಒಂದು ಎಳಿ ಅಲಗತೈತ್ರಿ, ಅದು ನನಗ ಗೊತ್ತಿರಲಿಲ್ಲ. ಅವಂಗ ಗೊತ್ತಾಗಿತ್ತು. ಹೆಗಲು ನೋಡಿ ಬೀಜ ಹಾಕತಿದ್ದ. ಬೆನ್ನ ತಿರುಗಿಸಿ ಕೂಡ್ರಿಸಿದೆ. ಆಮ್ಯಾಲೆ ಬೀಜ ಅವನ ಕೈಯಾಗ ಉಳೀತು. ಮುಂದ ಹೋಗಲಿಲ್ಲ.

ಅಕ್ಕೋರು — ಅಯ್ಯ ಶಿವನ! ಇಷ್ಟು ದಿನ ಅವ ನನ್ನ ಮಾರಿ ಓದತಿದ್ದ. ನಾ ಬೋರ್ಡ್ ಕಡೆ ತಿರುಗಿ ಬರಕೋತ ಹೇಳಿದ್ದೆಲ್ಲ ಅವಂಗ ಕತ್ತಲಿ. ಒಂದರಿಂದ ಮೂರನೇತ್ತೆ ತನಕ ನಲಿಕಲಿ, ಹುಡುಗರು ಗುಂಪಿನ್ಯಾಗ ಸುತ್ತುಗಟ್ಟಿ ಕೂಡ್ರತಾರ. ಆ ಪದ್ಧತಿ ಮ್ಯಾಲೆ ನನಗ ಭಾಳ ಪ್ರೀತಿ. ಆದ್ರ ಸುತ್ತು ಕುಂತಾಗ ಅರ್ಧ ಹುಡುಗರಿಗೆ ನನ್ನ ಬೆನ್ನ ಕಾಣತೈತಿ. ಅವನ ಜಾಗಾ ಯಾವಾಗೂ ಬೆನ್ನ ಕಡೆ ಇತ್ತೇನೋ.

ತಂಗಿ — ಈಗ ಜಾಗಾ ಬದಲ ಮಾಡ್ರಿ. ಮುಂದಿನ ಸಾಲು, ಅವನ ಬಲಗಿವಿ ನಿಮ್ಮ ಕಡೆ ಬರಬೇಕು. ಅಂದ್ರ ಅವ ನಿಮ್ಮ ಬಲಕ್ಕ, ಕಿಟಕಿ ಗದ್ದಲದಿಂದ ದೂರ. ಮಾತು ಶುರು ಮಾಡೂ ಮೊದಲು ಹೆಸರು ಕರೀರಿ, ಅವನ ಕಣ್ಣು ನಿಮ್ಮ ಮ್ಯಾಲೆ ಬರಲಿ. ಹೇಳಿದ್ದು ತಿಳೀತೇನು ಅಂತ ಕೇಳಬ್ಯಾಡ್ರಿ, ಹೂಂ ಅಂತಾನ. ಏನ್ ಹೇಳಿದೆ ಹೇಳು ಅನ್ರಿ.

ಅಕ್ಕೋರು — ಹೂಂ ಅಂತಾನ. ಖರೆ. ಎಲ್ಲಾದಕ್ಕೂ ಹೂಂ. ಅದಿರಲಿ, ಈ ಸೋರೂದು ಯಾಕ, ತಂಗಿ? ನಾ ಸಣ್ಣಾಕಿ ಇದ್ದಾಗಿನಿಂದ ನೋಡಾಕತ್ತೀನಿ. ಹತ್ತು ಹುಡುಗರಾಗ ಒಬ್ಬನ ಕಿವ್ಯಾಗ ಹತ್ತಿ ಇದ್ದ ಇರತೈತಿ. 'ಬೆಳದಂಗ ಹೊಕ್ಕೈತಿ' ಅಂತಿದ್ರು ನಮ್ಮ ಆಯಿ.

ತಂಗಿ — ಮೂಗಿನ ಹಿಂದಿನಿಂದ ನಡುಗಿವಿಗೆ ಒಂದು ಸಣ್ಣ ಕೊಳವಿ ಐತ್ರಿ. ದೊಡ್ಡವರಾಗ ಅದು ಉದ್ದ, ಇಳಿಜಾರು. ಹುಡುಗರಾಗ ಗಿಡ್ಡ, ಅಡ್ಡ ಮಲಗಿರತೈತಿ. ನೆಗಡಿ ಆತಂದ್ರ ಸೋಂಕು ಮೂಗಿನಿಂದ ಸೀದಾ ಕಿವಿಗೆ ದಾಟತೈತಿ. ಕೂಸಿನ್ನ ಅಂಗಾತ ಮಲಗಿಸಿ ಬಾಟ್ಲಿ ಹಾಲು ಕುಡಿಸೂದು, ಒಲಿ ಹೊಗಿ ತುಂಬಿದ ಒಂದ ಕೋಣ್ಯಾಗ ಎಲ್ಲಾರೂ ಮಲಗೂದು, ಮೈಯಾಗ ಕಸುವು ಇಲ್ಲದ್ದು, ಎಲ್ಲಾ ಕೂಡತಾವ. ತಮಟಿ ಹಿಂದ ಕೀವು ತುಂಬತೈತಿ. ಹುಡುಗ ರಾತ್ರಿಯೆಲ್ಲಾ ಅಳತಾನ. ಬೆಳಗಿನ ಜಾವ ತಮಟಿ ಹರದು ಕೀವು ಹೊರಗ ಬರ್ತೈತಿ, ನೋವು ನಿಲ್ಲತೈತಿ. ಅವ್ವ ಅಂತಾಳ, 'ಸದ್ಯ, ಆರಾಮಾತು.' ತೂತು ಬಿದ್ದದ್ದಕ್ಕ ನೋವು ನಿಂತದ್ದು. ಭಾಳ ಸಲ ತೂತು ತಾನ ಮುಚ್ಚತೈತಿ, ಅದು ಖರೆ. ನಿಮ್ಮ ಆಯಿ ಅದನ್ನ ನೋಡಿ ಹಂಗ ಅಂದಿರ್ತಾರ. ಮುಚ್ಚದ, ಎರಡು ವಾರ ದಾಟಿನೂ ಸೋರಾಕತ್ತಿದ್ರ ಅದು ಬೆಳದಂಗ ಹೋಗಂಗಿಲ್ಲ. ಹುಡುಗನ ಕೂಡ ಬೆಳೀತೈತಿ.

ಅಕ್ಕೋರು — ಇಲ್ಲಿ ಮಂದಿ ಎಣ್ಣಿ ಬಿಡ್ತಾರ. ಊರ ಹೆಸರ ಬೇವೂರು, ಬೇವಿನೆಣ್ಣಿ ಮನ್ಯಾಗ ಇದ್ದ ಇರತೈತಿ. ಬಳ್ಳೊಳ್ಳಿ ಕಾಯಿಸಿದ ಎಣ್ಣಿ, ಎಲಿ ರಸ, ಬಾಣಂತಿ ಹಾಲು. ನಾನೂ ನನ್ನ ಮಗನ ಕಿವಿಗೆ ಬಿಟ್ಟೀನಿ.

ತಂಗಿ — ಬಿಟ್ಟವರೆಲ್ಲ ಪ್ರೀತಿಲೆ ಬಿಟ್ಟವರ, ಅಕ್ಕೋರೆ. ಆದ್ರ ಹರಿದ ತಮಟಿ ಮ್ಯಾಲೆ ಎಣ್ಣಿ ಬಿಟ್ರ ಅದು ನಡುಗಿವಿಗೆ ಇಳೀತೈತಿ. ಸುತ್ತಿಗಿ, ಅಡಿಗಲ್ಲು, ರಿಕಾಪು ಅಂತ ಮೂರು ಎಲುಬು ಅಲ್ಲಿ ಅದಾವ. ನಮ್ಮ ಮೈಯಾಗ ಎಲ್ಲಾಕ್ಕಿಂತ ಸಣ್ಣವು ಅವ. ರಿಕಾಪು ಮೂರು ಮಿಲಿಮೀಟರಿನಷ್ಟು, ಒಂದು ಜ್ವಾಳದ ಕಾಳಿಗಿಂತ ಸಣ್ಣದು. ಹಸಿ ಕಿವ್ಯಾಗ ಕೀವು ವರ್ಷಗಟ್ಟಲೆ ನಿಂತ್ರ ಈ ಎಲುಬು ಸವೀತಾವ. ಇನ್ನ ಪಿನ್ನು, ಕಡ್ಡಿಪೆಟ್ಟಿಗಿ ಕಡ್ಡಿ ಹಾಕಿ ಗುಗ್ಗೆ ತಗಿಯೂದು. ಗುಗ್ಗೆ ಹೊಲಸು ಅಲ್ರಿ, ಕಿವಿಯ ಕಾವಲು ಅದು. ತಾನ ಹೊರಗ ಬರ್ತೈತಿ. ಕಡ್ಡಿ ಅದನ್ನ ಒಳಗ ದೂಡಿ ಬೆಣಿ ಬಡದಂಗ ಕೂಡ್ರಿಸತೈತಿ. ಕಪಾಳಕ್ಕ ಬಿದ್ದ ಏಟಿನಿಂದ ತಮಟಿ ಹರದ ಹುಡುಗರನ್ನೂ ನಾ ನೋಡೀನಿ. ಕಿವಿ ಮುಚ್ಚುವಂಗ ಅಂಗೈ ಬಿದ್ರ ಒಳಗಿನ ಗಾಳಿನ ತಮಟಿ ಹರೀತೈತಿ.

ಅಕ್ಕೋರು — ಹಂಗಾದ್ರ ಮನ್ಯಾಗ ಏನ್ ಮಾಡಬೇಕು? ಎಣ್ಣಿ ಬ್ಯಾಡ ಅಂದ್ರ ಕೈಗೆ ಬ್ಯಾರೆ ಏನರ ಕೊಡಬೇಕಲ್ಲ. ಬರೇ ಬ್ಯಾಡ ಅಂದ್ರ ಅವ್ವಂದಿರು ಕೇಳಂಗಿಲ್ಲ.

ತಂಗಿ — ಬತ್ತಿ ಹೊಸಿಯಾಕ ಹೇಳ್ರಿ. ದೀಪದ ಬತ್ತಿ ಹೊಸಿಯೂದು ಈ ಊರಾಗ ಯಾರಿಗೆ ಬರಂಗಿಲ್ಲ? ಕೈ ತೊಳಕೊಂಡು, ಸ್ವಚ್ಛ ಹತ್ತಿ ಇಲ್ಲಾ ಒಗದ ಮೆತ್ತನ್ನ ನೂಲಿನ ಅರಿವಿ ತಗೊಂಡು ಬತ್ತಿ ಹಂಗ ಹೊಸದು, ಕಿವಿ ಬಾಯಿಗೆ ಮೆತ್ತಗ ಇಟ್ಟು, ಒದ್ದಿ ಆದ ಮ್ಯಾಲೆ ತಗದು ಒಗೀಬೇಕು. ಹೊಸಾ ಬತ್ತಿ, ಮತ್ತ ಹೊಸಾ ಬತ್ತಿ, ಒಣಾ ಬರೂತನಕ. ದಿನಕ್ಕ ಮೂರು ನಾಕು ಸಲ. ಕಡ್ಡಿಗೆ ಸುತ್ತಬಾರದು, ಕಿವ್ಯಾಗ ಬಿಟ್ಟೂ ಬಿಡಬಾರದು. ನಿಮ್ಮ ಆಯಿ ಕಾಲದ ಹತ್ತಿ ಉಂಡಿ ಕೀವು ಹೀರಿಕೊಂಡು ಅಲ್ಲೇ ಕುಂತಿರತಿತ್ತು, ಕೇಡು ಅದರಾಗಿತ್ತು. ಕಿವಿ ಒಣಗಿದ ಮ್ಯಾಲೆ ಡಾಕ್ಟರು ಬರಕೊಟ್ಟ ಹನಿ. ಹಸಿ ಕೀವಿನ ಮ್ಯಾಲೆ ಹನಿ ಹಾಕಿದ್ರ ಔಷಧ ಒಳಗ ಮುಟ್ಟಂಗಿಲ್ಲ. ಮೈ ತೊಳಿಯೂ ಮುಂದ ಹತ್ತಿಗೆ ಒಂಚೂರು ವ್ಯಾಸಲಿನ್ ಸವರಿ ಕಿವಿ ಬಾಯಿಗೆ ಇಡೂದು, ಮುಗಿದ ಕೂಡಲೆ ತಗಿಯೂದು. ಹಳ್ಳ, ಬಾವಿ, ಕಾಲುವಿ ಈಸು ಬಂದ.

ಅಕ್ಕೋರು — ಬ್ಯಾಸಗಿಯಾಗ ಬಾವಿ ಬಿಡಸೂದು ಕಷ್ಟ ಐತಿ. ಹೇಳತೀನಿ.

ತಂಗಿ — ಮತ್ತ ಇದೊಂದು ಗಟ್ಟಿಯಾಗಿ ಹೇಳ್ರಿ. ಸೋರೂದು ನಾರಾಕತ್ತಿದ್ರ, ಕಿವಿ ಹಿಂದ ಬಾತು ಬಂದ್ರ, ತಲಿ ತಿರುಗಿ ವಾಂತಿ ಆದ್ರ, ಮಾರಿ ಒಂದು ಕಡೆ ಸೊಟ್ಟ ಆದ್ರ, ಜ್ವರದ ಕೂಡ ತಲಿನೋವು ಬಂದ್ರ ಅವತ್ತ ಆಸ್ಪತ್ರಿಗೆ ಹೋಗಬೇಕು. ಕಿವಿ ಮತ್ತ ಮಿದುಳಿನ ನಡುವ ಇರೂದು ತೆಳ್ಳನ ಎಲುಬಿನ ಗ್ವಾಡಿ. ಈ ಹುಡುಗಂದು ಅಷ್ಟಕ್ಕ ಹೋಗಿಲ್ಲ. ತೂತು ತಮಟಿ ನಡುವ ಐತಿ, ನಾತ ಇಲ್ಲ. ಒಣಗಿದ ಮ್ಯಾಲೆ ಬೇಕಾದ್ರ ತಮಟಿಗೆ ತ್ಯಾಪಿ ಹಚ್ಚತಾರ. ಕಿವಿ ಮ್ಯಾಲಿನ ಸ್ನಾಯುವಿನ ಪೊರಿ ತಗದು ತೂತು ಮುಚ್ಚೂ ಆಪರೇಷನ್ನು.

ಅಕ್ಕೋರು — ಒಂದು ಕೇಳ್ತೀನಿ, ಸಿಟ್ಟ ಮಾಡಿಕೋಬ್ಯಾಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಗಾಡಿ ವರ್ಷಾ ಬರತೈತಿ. ಇಬ್ಬರು ಆಯುಷ್ ಡಾಕ್ಟರು, ಒಬ್ಬಾಕಿ ನರ್ಸು, ಔಷಧ ಕೊಡಾವ. 2013ರಾಗ ಶುರು ಆಗಿದ್ದು. ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸಾಲಿಗೆ ಒಮ್ಮೆ. ಕಿವಿ ಸೋರೂದು, ಕಿವುಡು, ಎರಡೂ ಅವರ ಪಟ್ಟಿಯೊಳಗ ಅದಾವ. ಮತ್ತ ಈ ಹುಡುಗ ಹೆಂಗ ತಪ್ಪಿಸಿಕೊಂಡ?

ತಂಗಿ — ನೀವ ಹೇಳ್ರಿ. ಅವರು ಬಂದ ದಿನ ಇವ ಎಲ್ಲಿದ್ದ?

ಅಕ್ಕೋರು — (ಹಾಜರಿ ಪುಸ್ತಕ ತೆರೆದು, ಬೆರಳು ಓಡಿಸಿ) ಗೈರು. ಹೋದ ವರ್ಷನೂ ಗೈರು, ಅದರ ಹಿಂದಿನ ವರ್ಷನೂ. ಗುಳೇ ಹೋಗಿದ್ರು, ಗೋವಾಕ್ಕ. ಅಪ್ಪ ಸೆಂಟ್ರಿಂಗ್ ಕೆಲಸ, ಅವ್ವ ಉಸುಕು ಹೊರೂದು, ಇವ ತನ್ನ ತಂಗಿನ್ನ ಎತ್ತಿಕೊಂಡು ಶೆಡ್ಡಿನ್ಯಾಗ. ನಮ್ಮಲ್ಲೆ ಗೈರು, ನಿಮ್ಮಲ್ಲೆ ಗೈರು. ಅಲ್ಲಿಯ ಪುಸ್ತಕದಾಗ ಇವನ ಹೆಸರ ಇಲ್ಲ.

ತಂಗಿ — ಎಲ್ಲಾಕ್ಕಿಂತ ಹೆಚ್ಚು ಸೋರೂ ಕಿವಿ ಗುಳೇ ಹೋಗೂ ಮನಿಯ ಹುಡುಗರವ. ತಗಡಿನ ಶೆಡ್ಡು, ಒದ್ದಿ ನೆಲ, ಅರ್ಧ ಉಪಾಸ. ತಪಾಸಣೆ ತಪ್ಪೂದೂ ಅವರಿಗ. ನಾವು ಗಾಡಿ ತಗೊಂಡು ಸಾಲಿಗೆ ಬರ್ತೀವಿ, ಹುಡುಗ ಸಾಲ್ಯಾಗ ಇರಂಗಿಲ್ಲ. ಕಡೀಕ 'ಹಾಜರಿದ್ದ ಎಲ್ಲಾ ಮಕ್ಕಳ ತಪಾಸಣೆ ಆಗೇತಿ' ಅಂತ ಬರೀತೀವಿ. ಬರದದ್ದು ಸುಳ್ಳಲ್ಲ. ಅದಕ್ಕ ನನಗ ಸಂಕಟ ಆಗೂದು.

ಅಕ್ಕೋರು — ಪಂಚಮಿಗೆ ಬರ್ತಾರ, ತಂಗಿ. ಎಷ್ಟ ದೂರ ಇದ್ರೂ ಪಂಚಮಿಗೆ ಊರಿಗೆ ಬರ್ತಾರ. ಉಂಡಿ ಕಟ್ಟತಾರ, ಜೋಕಾಲಿ ಆಡ್ತಾರ, ಹೊಲದ ಕೆಲಸ ಒಂದಿಷ್ಟು ಮುಗಿಸಿ ಮತ್ತ ಗಾಡಿ ಹತ್ತತಾರ. ಈ ಹುಡುಗ ಇವತ್ತ ಸಿಕ್ಕಿದ್ದೂ ಅದಕ್ಕ. ಯಾವ ಮನಿ ಯಾವಾಗ ಬರತೈತಿ, ಯಾವಾಗ ಹೊಕ್ಕೈತಿ, ನನ್ನ ಕೇಳು, ಹೇಳತೀನಿ. ಕ್ಯಾಲೆಂಡರ್ ನಾ ಬರಕೊಡ್ತೀನಿ.

ತಂಗಿ — ಬರಕೊಡ್ರಿ. ಪಂಚಮಿ ವಾರ ಬ್ಯಾರೆ ಎಲ್ಲೂ ಹೋಗಂಗಿಲ್ಲ ನಾ. ಇನ್ನೊಂದು ಮಾತು. ನಾ ಒಬ್ಬ ಹುಡುಗನ ಹತ್ತರ ಕೂಡ್ರೂದು ಹತ್ತು ನಿಮಿಷ. ನೀವು ವರ್ಷಕ್ಕ ಇನ್ನೂರು ದಿನಕ್ಕಿಂತ ಹೆಚ್ಚು ಕೂಡ್ರತೀರಿ. ಬಾಯಿ ತಗದು ಉಸಿರಾಡಾವ, ರಾತ್ರಿ ಗೊರಕಿ ಹೊಡಿಯಾವ, ಯಾವಾಗೂ 'ಆಂ?' ಅನ್ನಾವ, ಟಿ.ವಿ. ಹತ್ತರ ಹೋಗಿ ಕೂಡ್ರಾವ, ಇವರೆಲ್ಲಾ ನಿಮ್ಮ ಕಣ್ಣಿಗೆ ಮೊದಲು ಬೀಳತಾರ.

ಅಕ್ಕೋರು — ತಾಂಡಾದ ಹುಡುಗರ ವಿಷಯದಾಗ ನಾವು ಇನ್ನಷ್ಟು ತಪ್ತೀವಿ ಅನಸ್ತೈತಿ. ಲಂಬಾಣಿ ಹುಡುಗಿ ಒಂದನೇತ್ತೆಗೆ ಬಂದು ಸುಮ್ಮನ ಕುಂತ್ರ, ಪಾಪ, ಮನಿ ಮಾತು ಬ್ಯಾರೆ, ಕನ್ನಡ ಬರವಲ್ದು ಅಂತ ನಾವ ತೀರ್ಮಾನ ಮಾಡಿಬಿಡ್ತೀವಿ. ವರ್ಷ ಕಾಯ್ತೀವಿ.

ತಂಗಿ — ಹಂಗ ಕಾದ ಒಂದು ಕೂಸು ನನಗ ಗೊತ್ತು, ಹುನಗುಂದ ಕಡೆ. ಏಳು ವರ್ಷದಾಕಿ. ಕನ್ನಡ ಅಷ್ಟ ಅಲ್ಲ, ಲಂಬಾಣಿನೂ ಬರತಿರಲಿಲ್ಲ ಅಕಿಗೆ. ಅವರ ಮಾತಿನ್ಯಾಗ ಏನರ ಹೇಳತಾಳೇನು ಅಂತ ಯಾರೂ ಅವರವ್ವನ್ನ ಕೇಳಿರಲಿಲ್ಲ. ಹುಟ್ಟಿನಿಂದ ಎರಡೂ ಕಿವಿ ಮಂದ. ಕೇಂದ್ರ ಸರ್ಕಾರದ ಆಡಿಪ್ ಯೋಜನಾದಾಗ ಕಿವಿ ಮಷೀನು ಸಿಕ್ಕಿತು. ಆರು ತಿಂಗಳ ಬಿಟ್ಟು ಮನಿಗೆ ಹೋದೆ. ಮಷೀನು ಎಲ್ಲಿತ್ತು ಗೊತ್ತೇನ್ರಿ? ದೇವರ ಜಗಲಿ ಮ್ಯಾಲೆ, ಹೊಸಾ ಕರ್ಚೀಫಿನ್ಯಾಗ ಸುತ್ತಿ, ಕುಂಕುಮ ಹಚ್ಚಿ ಇಟ್ಟಿದ್ರು. 'ಕಳದೀತು ಅಂತ ಇಟ್ಟೀವಿ, ಅಕ್ಕಾ' ಅಂದ್ರು. ಬ್ಯಾಟ್ರಿ ಒಂದೆರಡು ವಾರಕ್ಕ ತೀರಿತ್ತು, ಆ ಗುಂಡಿಯಂಥ ಬ್ಯಾಟ್ರಿ ಊರಾಗ ಎಲ್ಲೂ ಸಿಗಂಗಿಲ್ಲ. ಕಿವ್ಯಾಗ ಕೂಡ್ರೂ ಅಚ್ಚು ಸಣ್ಣದಾಗಿತ್ತು. ಹುಡುಗರ ಕಿವಿ ಬೆಳೀತಾವ, ಅಚ್ಚು ಬದಲಿಸ್ತಿರಬೇಕು, ಇಲ್ಲಾಂದ್ರ ಮಷೀನು ಸಿಳ್ಳಿ ಹೊಡಿತೈತಿ. ಸಿಳ್ಳಿಗೆ ಹುಡುಗರು ನಗತಾರ, ಅಕಿ ತಗದು ಇಟ್ಟಾಳ. ಮಷೀನು ಕೊಟ್ಟ ದಿನ ಫೋಟೋ ತಗೀತೀವಿ, ಆಮ್ಯಾಲೆ ಬ್ಯಾಟ್ರಿ ಯಾರು ತಂದುಕೊಡಬೇಕು ಅನ್ನೂದನ್ನ ಯಾರೂ ಬರಕೊಂಡಿರಂಗಿಲ್ಲ. ಈಗ ನಾ ಪ್ರತಿ ಚೀಟಿ ಹಿಂದ ಬರೀತೀನಿ: ಬ್ಯಾಟ್ರಿ ಯಾರು, ಅಚ್ಚು ಯಾವಾಗ.

ಅಕ್ಕೋರು — ಹುಟ್ಟಿನಿಂದ ಅಂದಿ. ಅದಕ್ಕ ಏನೂ ಮಾಡಾಕ ಆಗಂಗಿಲ್ಲೇನು?

ತಂಗಿ — ಹುಟ್ಟಿದ ಕೂಸಿನ ಕಿವಿನ ಆಸ್ಪತ್ರ್ಯಾಗ ಒಂದೆರಡು ನಿಮಿಷದಾಗ ನೋಡಬಹುದು, ಮಲಗಿದ್ದಾಗ. ಆರು ತಿಂಗಳೊಳಗ ಗೊತ್ತಾದ್ರ ಮಷೀನು, ಮಾತಿನ ತರಬೇತಿ, ಬೇಕಾದ್ರ ಕಾಕ್ಲಿಯರ್ ಇಂಪ್ಲಾಂಟು. ಮಷೀನಿಲೆ ಆಗದ ಮಗೂಗ ಸಂಕೇತ ಭಾಷೆ. ಅದೂ ಪೂರಾ ಭಾಷೆನ, ಕೈಲೆ ಆಡೂದು. ಯಾವ ಭಾಷೆನೂ ಇಲ್ಲದ ಏಳು ವರ್ಷ ಕಳಿಯೂದು ಎಲ್ಲಾಕ್ಕಿಂತ ದೊಡ್ಡ ಹಾನಿ. ಇನ್ನ ಸ್ವಾದರಮಾವನ ಕೂಡ ಲಗ್ನ ಮಾಡೂ ನಮ್ಮ ಪದ್ಧತಿ. ಇಲ್ಲೆ ಅದರ ಮಾತು ಎತ್ತೂದು ಕಷ್ಟ. ಆದ್ರ ಮನೆತನದಾಗ ಹುಟ್ಟು ಕಿವುಡು ಇದ್ದಾಗ ಒಳಗಿಂದೊಳಗ ಕೊಟ್ಟು ತಂದ್ರ ಅದು ಮಕ್ಕಳಿಗೆ ಬರೂ ಸಂಭವ ಹೆಚ್ಚು. ಬಸರಿಗೆ ರುಬೆಲ್ಲಾ ಬಂದ್ರೂ ಕೂಸು ಕಿವುಡಾಗಿ ಹುಟ್ಟಬಹುದು.

ಅಕ್ಕೋರು — ರುಬೆಲ್ಲಾ! 2017ರ ಫೆಬ್ರುವರಿಯಾಗ ದಡಾರ–ರುಬೆಲ್ಲಾ ಚುಚ್ಚುಮದ್ದಿನ ಅಭಿಯಾನ ಆತಲ್ಲ, ವಾಟ್ಸಾಪಿನ್ಯಾಗ ಏನೇನೋ ಬಂದು ಮಂದಿ ಹುಡುಗರನ್ನ ಸಾಲಿಗೆ ಕಳಸಾಕ ಅಂಜಿದ್ರು. ನಾ ಮನಿಮನಿಗೆ ತಿರುಗಿ ಕರಕೊಂಡು ಬಂದೆ. ದಡಾರ ಬರಬಾರದು ಅಂತ ಹೇಳಿದೆ. ನಾಳೆ ಈ ಹುಡುಗ್ಯಾರ ಹೊಟ್ಟ್ಯಾಗ ಬರೂ ಕೂಸಿನ ಕಿವಿಗೂ ಅದು ಅಂತ ನನಗ ಗೊತ್ತಿದ್ರ ಇನ್ನೂ ಗಟ್ಟಿಯಾಗಿ ಹೇಳತಿದ್ದೆ.

ತಂಗಿ — ಅದ ವಿಶ್ವ ಆರೋಗ್ಯ ಸಂಸ್ಥೆ ಹೇಳೂದು. ಮಕ್ಕಳ ಕಿವುಡಿನೊಳಗ ನೂರಕ್ಕ 60 ತಡಿಯಾಕ ಬರುವಂಥವು. ಚುಚ್ಚುಮದ್ದು, ಸೋರೂ ಕಿವಿಗೆ ಹೊತ್ತಿಗೆ ಸರಿಯಾಗಿ ಔಷಧ. ದೊಡ್ಡ ವಿದ್ಯೆ ಏನೂ ಬೇಕಾಗಿಲ್ಲ.

ಅಕ್ಕೋರು — ನೀ ಈ ಕೆಲಸಕ್ಕ ಹೆಂಗ ಬಂದಿ, ತಂಗಿ?

ತಂಗಿ — ನಮ್ಮ ಓಣ್ಯಾಗ ಮೊದಲು ಕೈಮಗ್ಗ, ಆಮ್ಯಾಲೆ ಪವರ್‌ಲೂಮ್ ಬಂದ್ವು. 85 ಡೆಸಿಬಲ್ ಸದ್ದಿನ್ಯಾಗ ದಿನಕ್ಕ ಎಂಟು ತಾಸಿಗಿಂತ ಹೆಚ್ಚು ಇರಬಾರದು ಅಂತಾರ. ಮಗ್ಗದ ಶೆಡ್ಡಿನ ಸದ್ದು ಅದಕ್ಕಿಂತ ಎಷ್ಟೋ ಮ್ಯಾಲೆ. ನಮ್ಮಪ್ಪ ನಾ ಮಾತಾಡಿದ್ರ ನನ್ನ ತುಟಿ ನೋಡ್ತಿದ್ದ. ಅಪ್ಪಂದಿರು ಹಂಗ ನೋಡೂದ ಪ್ರೀತಿ ಅಂತ ತಿಳಕೊಂಡಿದ್ದೆ. ಮೈಸೂರಿಗೆ ಹೋದ ಮ್ಯಾಲೆ ಅದು ಏನಂತ ತಿಳೀತು.

(ಶಾಲೆಯ ಗೇಟು ಕಿರ್ ಎಂದಿತು. ಕಳೆ ತೆಗೆಯುವ ಹೊಲದಿಂದ ಸೀದಾ ಬಂದ ಹೆಣ್ಣುಮಗಳು, ಸೆರಗಿಗೆ ಮಣ್ಣು. ಅವಳ ಹಿಂದೆ ಹುಡುಗ. ಕಿವಿಯಲ್ಲಿ ಹತ್ತಿ.)

ಅವ್ವ — ಹೇಳಿ ಕಳಿಸಿದ್ರಂತ, ಅಕ್ಕೋರೆ. ಮತ್ತೇನ್ ಮಾಡ್ಯಾನ್ರಿ? ಮಾತು ಕೇಳಿಲ್ಲೇನು?

ಅಕ್ಕೋರು — ಅವ ಏನೂ ಮಾಡಿಲ್ಲ, ಯವ್ವಾ. ಇಷ್ಟು ದಿನ ನಾ ಹೇಳಿದ್ದ ತಪ್ಪಿತ್ತು. ಅವಂಗ ಎಡಗಿವಿ ಕೇಳವಲ್ದು. ಕುಂದ್ರು, ಹೇಳತೀನಿ. ಸೋಮವಾರ ನವನಗರದ ಜಿಲ್ಲಾ ಆಸ್ಪತ್ರಿಗೆ ಹೋಗಬೇಕು. ಕಿವಿ ಡಾಕ್ಟರ್ ಹತ್ತರ.

ಅವ್ವ — ಸೋಮವಾರ ಕಳೆ ಐತ್ರಿ. ಬಸ್ಸೇನೋ ಪುಕ್ಕಟೆ ಆಗೇತಿ ನಮಗ. ಕೂಲಿ ಯಾರು ಕೊಡ್ತಾರ?

ತಂಗಿ — ಶಕ್ತಿ ಯೋಜನಾ ಬಂದ ಮ್ಯಾಲೆ ಹೆಣ್ಮಕ್ಕಳು ಬರೂದು ಹೆಚ್ಚಾಗೇತಿ, ಅಕ್ಕೋರೆ, ಖರೆ. ಆದ್ರ ಒಂದು ಸಲಕ್ಕ ಮುಗಿಯಂಗಿಲ್ಲ. ಒಣಗೇತೇನು ಅಂತ ನೋಡಾಕ ಮತ್ತ ಹೋಗಬೇಕು. ಮೂರು ದಿನದ ಕೂಲಿ ಹೊಕ್ಕೈತಿ ಅಂತ ಹಿಡೀರಿ.

ಅಕ್ಕೋರು — ಸೋಮವಾರ ನಾ ರಜಾ ಹಾಕತೀನಿ. ಉಳದ ನಾಕು ಚೀಟಿಯವರನ್ನೂ ಕೂಡಿಸಿ ಒಂದ ಬಸ್ಸಿಗೆ ಕರಕೊಂಡು ಹೊಕ್ಕೀನಿ. ನೀ ಈ ಸಲ ಕಳೆ ಬಿಡಬ್ಯಾಡವ್ವ. ಎರಡನೇ ಸಲ ಬಾ. ಡಾಕ್ಟರು ಹೇಳಿದ್ದು ನೀ ಕೇಳಬೇಕು. ಇವತ್ತಿನಿಂದ ಕಿವಿಗೆ ಎಣ್ಣಿ ಬಿಡಬ್ಯಾಡ. ಇಲ್ಲಿ ಬಾ, ಬತ್ತಿ ಹೆಂಗ ಅಂತ ತಂಗಿ ತೋರಿಸ್ತಾಳ.

(ತಂಗಿ ಹತ್ತಿ ಬಿಚ್ಚಿದಳು. ಅವ್ವ ಕೈ ತೊಳೆದು ಬಂದು ಅಂಗೈ ಮೇಲೆ ಒಂದೇ ಸಲಕ್ಕೆ ಬತ್ತಿ ಹೊಸೆದಳು. ತಂಗಿ ಹೊಸೆದದ್ದಕ್ಕಿಂತ ನಯವಾಗಿತ್ತು. ಮೊದಲನೆಯದು ಒದ್ದೆಯಾಗಿ ಬಂತು, ಎರಡನೆಯದೂ. ನಾಲ್ಕನೆಯದು ಅರ್ಧ ಒಣಗಿತ್ತು. ಹುಡುಗ ಕಣ್ಣು ಮುಚ್ಚಿ ಅಲುಗದೆ ನಿಂತಿದ್ದ. ಅಕ್ಕೋರು ಎದ್ದು ಅವನ ಬಲಗಡೆಗೆ ಹೋಗಿ, ಮಂಡಿ ಊರಿ ಕೂತು, ಹೆಸರು ಹಿಡಿದು ಕರೆದರು. ಹುಡುಗ ಕಣ್ಣು ತೆರೆದು ಅವರನ್ನೂ, ಮೇಜಿನ ಮೇಲಿನ ಬಟ್ಟಲನ್ನೂ ನೋಡಿದ.)

ಹುಡುಗ — ಅಕ್ಕೋರೆ, ಆ ಹುಣಸಿ ಬೀಜ ನಾ ತಗೊಳ್ಳಲೇನ್ರಿ?

(ತಂಗಿ ಬಟ್ಟಲೆತ್ತಿ, ಅರಿವೆ ಸಮೇತ ಎಲ್ಲ ಬೀಜವನ್ನೂ ಅವನ ಬೊಗಸೆಗೆ ಸುರುವಿದಳು.)